ತುಟಿ ಒಬ್ಬಳದು, ದನಿ ಒಬ್ಬಳದು

ಕ್ಯೋಜಾ
4 ಫೆಬ್ರವರಿ 1951

ಇಸೊಲಿನಾ,

ನಿನ್ನೆ ಇಲ್ಲಿ ನಿನ್ನ ಸಿನಿಮಾ ನೋಡಿದೆ. ನಾನಾಗಿ ಹೋದದ್ದಲ್ಲ. ಸಾಂತೆ ಎರಡು ದಿನದಿಂದ ಜೀವ ತಿನ್ನುತ್ತಿದ್ದ. ಅವನಿಗೀಗ ಎಪ್ಪತ್ತೊಂದು. ನಮ್ಮ ಕಂಪನಿಯಲ್ಲಿ ಮೂವತ್ತು ವರ್ಷ ರಾಜನ ಪಾತ್ರ ಮಾಡಿ ಮಾಡಿ ಹಟವೊಂದು ಮೈಗಂಟಿಬಿಟ್ಟಿದೆ. 'ಮಗು ಹೇಗಿದ್ದಾಳೋ ನೋಡ್ಕೊಂಡು ಬರೋಣ ನಡಿ' ಎಂದು ಕೋಟು ಹಾಕಿಕೊಂಡು ಬಾಗಿಲಲ್ಲೇ ನಿಂತುಬಿಟ್ಟ.

ಮೀನು ಮಾರುವ ಹೆಂಗಸರ ನಡುವೆ ಬೆಂಚಿನ ಮೇಲೆ ಕೂತು, ದೀಪಸ್ತಂಭದ ಕಾವಲುಗಾರನ ಮಗಳಾಗಿ ನೀನು ಅಳುವುದನ್ನು ನೋಡಿದೆ. ನಿನ್ನ ಮುಖ ಚರ್ಚಿನ ಗೋಡೆಯಷ್ಟು ದೊಡ್ಡದಾಗಿತ್ತು. ಆಮೇಲೆ ನೀನು ಬಾಯಿ ತೆರೆದೆ. ಬೇರೆ ಯಾವಳದೋ ದನಿ ಬಂತು.

ಜೇನು ಸವರಿದಂಥ ರೋಮಿನ ದನಿ. ಪೋ ನದಿಯ ದಂಡೆಯಲ್ಲಿ ಹುಟ್ಟಿದವರು ಯಾರೂ ಹಾಗೆ ಮಾತಾಡುವುದಿಲ್ಲ. ಸಾಂತೆ ನನ್ನ ಕಡೆ ತಿರುಗಿ, 'ಇದು ನಮ್ಮ ಹುಡುಗಿ ದನಿ ಅಲ್ವಲ್ಲ' ಎಂದ. ಅಕ್ಕಪಕ್ಕದ ಹೆಂಗಸರು ಅಳುತ್ತಿದ್ದರು. ನನಗೆ ನಗು ಬಂತು.

ಹಾಗಾದರೆ ಅಲ್ಲಿ ನೀನು ಮಾಡಿದ್ದೇನು? ತುಟಿ ಅಲ್ಲಾಡಿಸಿದೆ. ಆನ್ಸೆಲ್ಮೊ ಮರಂಗೋನಿಯ ಮಗಳು ಬೊಂಬೆಯಾಗಿದ್ದಾಳೆ. ಹೆಸರನ್ನೂ ಕತ್ತರಿಸಿ 'ಲೀನಾ ಮಾರಿ' ಎಂದು ಮಾಡಿದ್ದಾರೆ. ಅಪ್ಪನ ಹೆಸರು ಪೋಸ್ಟರಿನಲ್ಲಿ ಹಿಡಿಸಲಿಲ್ಲವೇನೋ.

ಅಮ್ಮ ಸತ್ತ ಮೇಲೆ ನಿನ್ನನ್ನು ಸೊಂಟದ ಮೇಲೆ ಹೊತ್ತು ರಂಗಕ್ಕೆ ಹೋಗುತ್ತಿದ್ದವಳು ನಾನು. ನನಗಾಗ ಹದಿನಾರು. ಆ ಋಣಕ್ಕೆ ನೀನು ಎರಡು ವರ್ಷದ ಹಿಂದೆ ಆದ್ರಿಯಾದಲ್ಲಿ, ಆಟದ ಹಿಂದಿನ ದಿನ, ಪೆಟ್ಟಿಗೆ ಹಿಡಿದು ಆ ಸಿನಿಮಾದವನ ಕಾರು ಹತ್ತಿದೆ. ನಿನ್ನ ಸೇವಕಿ ಪಾತ್ರಕ್ಕೆ ಟಿಕೆಟ್ ಹರಿಯುವವಳನ್ನು ನಿಲ್ಲಿಸಿದೆವು. ಇದ್ದ ಮೂರು ಮಾತನ್ನೂ ಅವಳು ಮರೆತಳು. ಆದರೆ ಸ್ವಂತ ದನಿಯಲ್ಲೇ ತಡವರಿಸಿದಳು, ಬಾಡಿಗೆಯದರಲ್ಲಲ್ಲ.

ಅಪ್ಪನ ಹೆಸರನ್ನು ಪೂರ್ತಿ ಇಟ್ಟುಕೊಂಡಿರುವ,
ಎರ್ಸಿಲಿಯಾ ಮರಂಗೋನಿ


ರೋಮ್
19 ಫೆಬ್ರವರಿ 1951

ಮರಂಗೋನಿ ನಾಟಕ ಕಂಪನಿಯ ಒಡತಿ ಶ್ರೀಮತಿ ಎರ್ಸಿಲಿಯಾ ಅವರಿಗೆ,

ತಮ್ಮ ಕಾಗದ ತಲುಪಿತು. ಎರಡು ವರ್ಷದಲ್ಲಿ ಮೊದಲನೆಯದು. ನಾನು ಬದುಕಿದ್ದೇನೆಯೇ ಎಂದು ಕೇಳಲು ತಾವು ಬರೆಯಲಿಲ್ಲ. ಹಂಗಿಸಲು ಒಂದು ಕಾರಣ ಸಿಕ್ಕಾಗ ಬರೆದಿರಿ.

ಹೌದು, ಆ ದನಿ ನನ್ನದಲ್ಲ. ಅದೊಬ್ಬ ದಪ್ಪ ಹೆಂಗಸಿನದು, ಹೆಸರು ರೊಮಿಲ್ಡಾ, ಮಾತಿನ ನಡುವೆ ಪುದೀನ ಮಿಠಾಯಿ ಚೀಪುತ್ತಾಳೆ. ನನ್ನದು ಒರಟು, ಹಳ್ಳಿಯದು, ಬೇಡ ಎಂದರು. ನಾನು ಜಗಳವಾಡಲಿಲ್ಲ. ಯಾಕೆಂದರೆ ಅದು ನನಗೆ ಹೊಸ ಮಾತಾಗಿರಲಿಲ್ಲ. ಮೊದಲು ಹೇಳಿದವಳು ನೀನು.

ನನಗೆ ಹತ್ತೊಂಬತ್ತಾಗಿದ್ದಾಗ ಮದುಮಗಳ ಪಾತ್ರವನ್ನು ಕಾಯಿಲೆ ಬಿದ್ದಿದ್ದ ಅಪ್ಪನ ಮಂಚದ ಪಕ್ಕ ನಿಂತು ಓದಿದೆ. ಮಲಗಿದ್ದಲ್ಲಿಂದಲೇ ಅಪ್ಪ, 'ಇವಳಿಗೇ ಕೊಡು' ಎಂದ. ನೀನು ಎಲ್ಲರೆದುರು ಏನಂದೆ? 'ಇವಳ ಗಂಟಲು ತುಕ್ಕು ಹಿಡಿದ ಬಾಗಿಲಪ್ಪ, ಎಣ್ಣೆ ಹಾಕೋರು ಯಾರು?' ಎಲ್ಲರೂ ನಕ್ಕರು. ಸಾಂತೆ ಕೂಡ. ಆಮೇಲೆ ಮೂವತ್ತನಾಲ್ಕು ವರ್ಷದ ನೀನು ಬಿಳಿ ಮುಸುಕು ಹಾಕಿಕೊಂಡು ಮದುಮಗಳಾದೆ. ಹದಿನಾಲ್ಕರಿಂದ ಇಪ್ಪತ್ತೊಂದರವರೆಗೆ ನಾನು ತಟ್ಟೆ ಹೊತ್ತುಕೊಂಡು ಬಂದು, 'ಅಮ್ಮಾವ್ರೇ, ಗಾಡಿ ಬಂದಿದೆ' ಎಂದೆ.

ಅಪ್ಪ ಸತ್ತ ವರ್ಷ, ಆದ್ರಿಯಾದಲ್ಲಿ ಆ ಪಾತ್ರ ನನಗೆ ಎಂದು ನೀನೇ ಮಾತು ಕೊಟ್ಟಿದ್ದೆ. ಹಿಂದಿನ ದಿನ ಬೆಳಿಗ್ಗೆ ಒಳಗೆ ಬಂದರೆ, ದರ್ಜಿ ಆ ಬಿಳಿ ಉಡುಪಿನ ಹೊಲಿಗೆ ಬಿಚ್ಚಿ ನಿನ್ನ ಸೊಂಟಕ್ಕೆ ಅಗಲ ಮಾಡುತ್ತಿದ್ದ. ನೀನು ಕನ್ನಡಿಯಲ್ಲಿ ನನ್ನನ್ನು ನೋಡಿದೆ, ತಿರುಗಲಿಲ್ಲ. ನಾನು ಪೆಟ್ಟಿಗೆ ಕಟ್ಟಿದೆ. ಇಷ್ಟನ್ನು ನಿನ್ನ ಕಾಗದದಲ್ಲಿ ಬಿಟ್ಟಿದ್ದೀ. ಮರೆತೆಯೋ ಏನೋ.

ಇಲ್ಲಿ ನನ್ನ ಮುಖವಾದರೂ ನನ್ನದು. ನೀನು ಈರುಳ್ಳಿ ಒಣಗಿಸುವ ಕೊಟ್ಟಿಗೆಗಳಲ್ಲಿ ಆಡುತ್ತಿರು.

ಲೀನಾ ಮಾರಿ


ಪಾದೋವಾ
9 ಡಿಸೆಂಬರ್ 1951

ಇಸೊಲಿನಾ,

ನೀನು ಕಳಿಸಿದ ಬಟ್ಟೆಯ ಗಂಟು ಬಂತು. ಪತ್ರಿಕೆಯಲ್ಲಿ ಪ್ರವಾಹದ ಸುದ್ದಿ ಓದಿರಬೇಕು. ಅದರೊಳಗೆ ಒಂದು ಸಾಲೂ ಇರಲಿಲ್ಲ, ಒಳ್ಳೆಯದೇ ಆಯಿತು.

ಪೋ ನದಿ ಕಟ್ಟೆ ಒಡೆದಾಗ ನಮ್ಮ ಸಾಮಾನೆಲ್ಲ ಆದ್ರಿಯಾದ ಗೋದಾಮಿನಲ್ಲಿತ್ತು. ಹನ್ನೆರಡು ದಿನ ಕಳೆದು ದೋಣಿಯಲ್ಲಿ ಹೋಗಿ ನೋಡಿದೆವು. ಅಪ್ಪ ಬರೆಸಿದ್ದ ಪರದೆಗಳು ಒಂದಕ್ಕೊಂದು ಅಂಟಿ ಕೆಸರಿನ ಗೋಡೆಯಾಗಿದ್ದವು. ಅರಮನೆ, ಕಾಡು, ವೆನಿಸ್, ಯಾವುದು ಯಾವುದೆಂದು ತಿಳಿಯಲಿಲ್ಲ. ಸಾಂತೆ ನೀರಿನೊಳಗೆ ಕೈಯಿಟ್ಟು ಒಂದು ಕಿರೀಟ ತೆಗೆದ. ಅದು ತಗಡು ಬಿಟ್ಟು ರಟ್ಟಾಗಿ ಕೈಯಲ್ಲೇ ಕರಗಿತು. ಅವನು ಅಳುತ್ತಾನೆಂದುಕೊಂಡೆ. 'ಇದರಲ್ಲಿ ಎಷ್ಟು ಸಲ ತಲೆನೋವು ಬಂದಿತ್ತು ಗೊತ್ತಾ' ಎಂದ.

ಇಲ್ಲಿ ಒಂದು ಶಾಲೆಯಲ್ಲಿ ಹುಲ್ಲಿನ ಮೇಲೆ ಮಲಗಿದೆವು, ಕಂಪನಿಯ ಒಂಬತ್ತು ಜನವೂ. ಈಗ ಎರಡು ಕೋಣೆ ಸಿಕ್ಕಿದೆ. ಕಂಪನಿ ಇಲ್ಲ. ಅಪ್ಪ, ಅಜ್ಜ, ಅಜ್ಜನ ಅಪ್ಪ ನಡೆಸಿದ್ದು ನನ್ನ ಕೈಯಲ್ಲಿ ನಿಂತಿತು ಎಂದು ನೀನು ಸಂತೋಷಪಡಬಹುದು.

ನಿನ್ನ ಬಟ್ಟೆಗಳನ್ನು ಶಾಲೆಯಲ್ಲಿದ್ದವರಿಗೆ ಹಂಚಿದೆ. ಕವಾರ್ಜೆರೆಯ ಒಬ್ಬ ಹೆಂಗಸು ನಿನ್ನ ಹಸಿರು ರೇಷ್ಮೆ ಉಟ್ಟು ಕೋಳಿಯ ಪುಕ್ಕ ಕೀಳುತ್ತಾಳೆ. ಅವಳಿಗೆ ನಿನಗಿಂತ ಚೆನ್ನಾಗಿ ಒಪ್ಪುತ್ತದೆ.

ಎರ್ಸಿಲಿಯಾ


ರೋಮ್
8 ಜನವರಿ 1952

ಎರ್ಸಿಲಿಯಾ,

ಇದು ನನ್ನ ಯೋಚನೆಯಲ್ಲ. ಅದನ್ನು ಮೊದಲೇ ತಿಳಿದುಕೋ.

ರೊಮಿಲ್ಡಾಗೆ ಗಂಟಲಲ್ಲಿ ಗಂಟಾಗಿ ವೈದ್ಯರು ಮಾತಾಡಬಾರದು ಎಂದಿದ್ದಾರೆ. ನನ್ನ ಹೊಸ ಚಿತ್ರದ ಚಿತ್ರೀಕರಣ ಮುಗಿದಿದೆ, ದನಿ ಕೊಡುವವರಿಲ್ಲ. ನಿರ್ದೇಶಕ ಕೊರಾದಿ ಹತ್ತು ಜನರನ್ನು ಪರೀಕ್ಷಿಸಿದ. ಒಬ್ಬರ ದನಿಯೂ ನನ್ನ ಮುಖಕ್ಕೆ ಕೂರಲಿಲ್ಲ. ನಿನ್ನೆ ಇದ್ದಕ್ಕಿದ್ದಂತೆ, 'ನಿನಗೊಬ್ಬಳು ಅಕ್ಕ ಇದ್ದಾಳಲ್ವಾ? ಫೆರಾರಾದಲ್ಲಿ ಅವಳ ನಾಟಕ ನೋಡಿದ್ದೆ. ಆ ದನಿ ಇನ್ನೂ ಹಾಗೇ ಇದೆಯಾ?' ಎಂದು ಕೇಳಿದ. ಸತ್ತಳು ಎಂದು ಹೇಳೋಣ ಅನ್ನಿಸಿತು. ಹೇಳಲಿಲ್ಲ.

ನಿನಗೆ ಮೂವತ್ತೆಂಟಾದರೂ ದನಿಗೆ ಇಪ್ಪತ್ತೈದೇ ಎಂಬುದು ನನಗೂ ಗೊತ್ತು. ಬರುವುದಾದರೆ ಬಾ. ನಿನ್ನ ಹೆಸರು ಪರದೆಯ ಮೇಲೆ ಎಲ್ಲಿಯೂ ಬರುವುದಿಲ್ಲ. ಹಾಗೆಂದು ಅವರು ಹೇಳಿದಾಗ ನನಗೆ ಬೇಸರವಾಯಿತೆಂದು ಸುಳ್ಳು ಹೇಳಲಾರೆ.

ಇಸೊಲಿನಾ


ಪಾದೋವಾ
15 ಜನವರಿ 1952

ಬರುತ್ತೇನೆ. ನಿನಗೋಸ್ಕರವಲ್ಲ. ಇಲ್ಲಿ ಒಂಬತ್ತು ಜನ ಮಧ್ಯಾಹ್ನವೂ ಸಂಜೆಯೂ ಬರೀ ಪೊಲೆಂತಾ, ಮೆಕ್ಕೆಜೋಳದ ಮುದ್ದೆ, ತಿನ್ನುತ್ತಿದ್ದಾರೆ.

ಒಂದೇ ಷರತ್ತು. ನಾನು ಮಾತಾಡುವ ಕೋಣೆಗೆ ನೀನು ಕಾಲಿಡಕೂಡದು.

ಎ. ಮರಂಗೋನಿ


ರೋಮ್
27 ಮಾರ್ಚ್ 1952

ಇಸೊಲಿನಾ,

ನಿನ್ನ ಮನೆಗೂ ನನ್ನ ಬಾಡಿಗೆ ಕೋಣೆಗೂ ಟ್ರಾಮಿನಲ್ಲಿ ಎರಡೇ ನಿಲ್ದಾಣ. ಆದರೂ ಅಂಚೆಯಲ್ಲೇ ಹಾಕುತ್ತಿದ್ದೇನೆ. ನಿನ್ನ ಮನೆಯ ಕೆಲಸದವಳು ಮೊನ್ನೆ ದೂರವಾಣಿಯಲ್ಲಿ, 'ಮೇಡಂ ಸ್ನಾನ ಮಾಡ್ತಿದ್ದಾರೆ' ಎಂದಳು. ಹಿಂದೆ ನೀನು ಕೆಮ್ಮಿದ್ದು ಕೇಳಿಸಿತು.

ಕೆಲಸ ಮುಗಿಯಿತು. ಹೇಗೆ ಎಂದು ನೀನು ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಬೆಳಿಗ್ಗೆ ಒಂಬತ್ತಕ್ಕೆ ದೀಪ ಆರಿಸುತ್ತಾರೆ. ಪರದೆಯ ಮೇಲೆ ನೀನು ಬರುತ್ತೀ, ಅರ್ಧ ನಿಮಿಷದ ತುಂಡು, ಮತ್ತೆ ಮತ್ತೆ ಅದೇ. ಚಿತ್ರೀಕರಣದಲ್ಲಿ ನೀನು ಆಡಿದ ಮಾತನ್ನು ಗುರುತಿಗೆಂದು ಒಂದು ಸುರುಳಿಯಲ್ಲಿ ಹಿಡಿದಿರುತ್ತಾರೆ. ಅದನ್ನು ನನ್ನ ಕಿವಿಗೆ ಹಾಕುತ್ತಾರೆ. ನಾನು ಕೇಳಿ, ನಿನ್ನ ತುಟಿ ನೋಡಿ, ಅದರ ಮೇಲೆ ನನ್ನ ಮಾತು ಕೂರಿಸುತ್ತೇನೆ. ಚಿತ್ರಕ್ಕೆ ಹೋಗುವುದು ನನ್ನದು.

ನಿನ್ನ ತಪ್ಪುಗಳನ್ನು ನನ್ನಷ್ಟು ಹತ್ತಿರದಿಂದ ಯಾರೂ ನೋಡಿಲ್ಲ. ಸುಳ್ಳು ಹೇಳುವ ಮುಂಚೆ ಎಂಜಲು ನುಂಗುತ್ತೀ. ಸಿಟ್ಟು ಬಂದರೆ ಎಡ ಹುಬ್ಬು ಮೊದಲು ಏಳುತ್ತದೆ, ಅಮ್ಮನ ಹಾಗೆ. ವಾಕ್ಯದ ಕೊನೆಯನ್ನು ಬಿಟ್ಟುಬಿಡುತ್ತೀ, ಅದನ್ನು ನಾನು ಎತ್ತಿ ನಿಲ್ಲಿಸಬೇಕಾಯಿತು.

ಉಪ್ಪಿನ ಗದ್ದೆಯಲ್ಲಿ ಕೂಸನ್ನು ಹೂಳುವ ದೃಶ್ಯಕ್ಕೆ ಹದಿನಾಲ್ಕು ಸಲ ಹಿಡಿಯಿತು. ಕೊರಾದಿ ಬಂದು, 'ಏನಮ್ಮಾ, ಸುಸ್ತಾಯ್ತಾ?' ಎಂದ. 'ಇವಳು ಮಾತು ನುಂಗ್ತಾಳೆ, ತುಟಿ ಸಿಗ್ತಿಲ್ಲ' ಎಂದೆ. ನೀರು ತರಿಸಿ ಕೊಟ್ಟ. ಹದಿನಾಲ್ಕನೆಯದನ್ನು ಕೇಳಿ ಯಂತ್ರದ ಹುಡುಗರೂ ಕಣ್ಣೊರೆಸಿಕೊಂಡರು.

ಆದ್ದರಿಂದ ನಿನಗೆ ಹೆಸರು ಬರುತ್ತದೆ, ಹೆದರಬೇಡ.

ಎರ್ಸಿಲಿಯಾ


ರೋಮ್
22 ಸೆಪ್ಟೆಂಬರ್ 1952

ಎರ್ಸಿಲಿಯಾ,

ಬಹುಮಾನ ಬಂದದ್ದು ನಿನಗೆ ಗೊತ್ತಿರಬೇಕು. ವೇದಿಕೆಯ ಮೇಲೆ ಒಬ್ಬ ಮುದುಕ ಚೀಟಿ ಓದಿದ: 'ತಾಯಿಯ ದುಃಖವನ್ನು ದನಿಯೊಂದರಲ್ಲೇ ತುಂಬಿಕೊಟ್ಟ ನಟಿ.' ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿಯಬೇಕೋ ಓಡಿಹೋಗಬೇಕೋ ತಿಳಿಯದೆ ನಿಂತೆ. ಎರಡು ಮಾತು ಆಡಿ ಎಂದರು. ಗಂಟಲು ಕೆಟ್ಟಿದೆ ಎಂದು ಕೈಸನ್ನೆ ಮಾಡಿ ಇಳಿದು ಬಂದೆ. ಮೂಗಿಯ ಹಾಗೆ.

ನನ್ನಿಂದ ಎಲ್ಲವನ್ನೂ ಕಿತ್ತುಕೊಳ್ಳಲು ನಿನಗೆ ಒಂದು ಕತ್ತಲ ಕೋಣೆ ಸಾಕಾಯಿತು. ಮದುಮಗಳ ಬಟ್ಟೆ ಕಿತ್ತುಕೊಂಡೆ. ಈಗ ನನ್ನ ಮುಖದೊಳಗೇ ಬಂದು ಕೂತಿದ್ದೀ. ಹೋಟೆಲಿನಲ್ಲಿ ಕಾಫಿ ಕೇಳಿದರೆ ಜನ ತಿರುಗಿ ನೋಡಿ, ಇವಳಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ.

ಮಿಲಾನಿನ ಒಂದು ನಾಟಕ ಮಂಡಳಿ ಜನವರಿಗೆ ನನ್ನನ್ನು ಕರೆದಿದೆ. ದೊಡ್ಡ ಪಾತ್ರ, ಗಂಡನನ್ನು ಕೊಂದವರ ಮನೆಯಲ್ಲೇ ಬದುಕಬೇಕಾದ ವಿಧವೆ. ಒಪ್ಪಿಕೊಂಡೆ. ಅವರು ಕರೆದದ್ದು ಆ ದನಿಯನ್ನು. ಅದು ನನ್ನ ಬಳಿಯಿಲ್ಲ.

ಆದ್ದರಿಂದ ಕಲಿಸು. ನಿನ್ನ ಹಾಗೆ ಮಾತಾಡುವುದನ್ನು ಮೂರು ತಿಂಗಳಲ್ಲಿ ನನಗೆ ಕಲಿಸು. ಬೇಡಿಕೊಳ್ಳುತ್ತಿಲ್ಲ. ನೀನು ಕದ್ದದ್ದನ್ನು ವಾಪಸು ಕೇಳುತ್ತಿದ್ದೇನೆ.

ಇಸೊಲಿನಾ


ಪಾದೋವಾ
11 ಅಕ್ಟೋಬರ್ 1952

ಇಸೊಲಿನಾ,

ಕಲಿಸುವುದಿಲ್ಲ.

ಕಾಗದವನ್ನು ಹರಿದುಹಾಕುವ ಮುಂಚೆ ಮುಂದಿನದನ್ನು ಓದು. ಇದನ್ನು ಬರೆಯಲು ನನಗೆ ಎರಡು ವಾರ ಹಿಡಿದಿದೆ.

ಹದಿನಾಲ್ಕು ಸಲ ಹಿಡಿದದ್ದು ನೀನು ಮಾತು ನುಂಗಿದ್ದಕ್ಕಲ್ಲ. ನನ್ನ ಕಿವಿಯಲ್ಲಿ ನಿನ್ನ ದನಿ ಇತ್ತು. ಕೂಸನ್ನು ಗುಂಡಿಗಿಳಿಸಿದ ಮೇಲೆ ನೀನು, 'ಮುಖ ಮುಚ್ಚಿ, ಉಪ್ಪು ಕಣ್ಣಿಗೆ ಹತ್ತುತ್ತೆ' ಎನ್ನುತ್ತೀ. ಅಳುತ್ತಾ ಹೇಳಲಿಲ್ಲ. ಬುಟ್ಟಿ ಇಳಿಸಿ ಎಂದು ಕೂಲಿಯವಳು ಪಕ್ಕದವಳಿಗೆ ಹೇಳುವ ಹಾಗೆ ಹೇಳಿದೆ, ನಮ್ಮ ಊರ ಕಡೆಯ ಎಳೆತದಲ್ಲಿ. ನನಗೆ ಕಿವಿಯಿಂದ ಆ ಯಂತ್ರವನ್ನು ಕಿತ್ತೆಸೆಯಬೇಕೆನ್ನಿಸಿತು. ಇಪ್ಪತ್ತೈದು ವರ್ಷ ರಂಗದ ಮೇಲೆ ಮಕ್ಕಳನ್ನು ಹೂತಿದ್ದೇನೆ. ಒಂದು ದಿನವೂ ಹಾಗೆ ಹೇಳಲು ನನಗೆ ಹೊಳೆದಿರಲಿಲ್ಲ.

ಹದಿಮೂರು ಸಲ ನಿನ್ನ ಹಾಗೆ ಹೇಳಲು ನೋಡಿದೆ. ಆಗಲಿಲ್ಲ. ಹದಿನಾಲ್ಕನೆಯ ಸಲ ನನಗೆ ಬರುವುದನ್ನು ಮಾಡಿದೆ: ಅತ್ತುಬಿಟ್ಟೆ. ಅವರು ಬಹುಮಾನ ಕೊಟ್ಟದ್ದು ಆ ಅಳುವಿಗೆ. ಅದು ಎರಡನೆಯ ದರ್ಜೆಯದು. ಮೊದಲನೆಯ ದರ್ಜೆಯದು ನಿನ್ನದು, ಅದನ್ನು ಅಳಿಸಿಯಾಗಿದೆ. ಆ ಸುರುಳಿಯನ್ನು ಕೊಡಿ ಎಂದು ಮಾರನೆಯ ದಿನ ಕೇಳಿದೆ. ಅದರ ಮೇಲೆ ಬೇರೇನೋ ತುಂಬಿಸಿಯಾಯಿತು ಎಂದರು. ಯಂತ್ರದವರು ಅದನ್ನು ಸದ್ದೆಂದು ಕೇಳಿದರು. ಮಾತೆಂದು ಕೇಳಿದವಳು ನಾನೊಬ್ಬಳೇ.

ಇನ್ನೊಂದು. ಅಪ್ಪನ ಮಂಚದ ಪಕ್ಕ ನೀನು ಓದಿದ ದಿನವೂ ನನಗೆ ಇದೇ ಗೊತ್ತಾಗಿತ್ತು. ಅಪ್ಪ ಕಣ್ಣೀರು ಕಾಣದಿರಲೆಂದು ಹೊದಿಕೆಯನ್ನು ಮುಖಕ್ಕೆಳೆದುಕೊಂಡ, ನೀನು ನೋಡಲಿಲ್ಲ. ನಾನು ನೋಡಿದೆ. ಆಗಲೇ ತುಕ್ಕು ಹಿಡಿದ ಬಾಗಿಲ ಮಾತನ್ನು ಆಡಿದ್ದು. ಆಡಿದರೆ ಎಲ್ಲರೂ ನಗುತ್ತಾರೆ, ನಕ್ಕ ಮೇಲೆ ಮರೆಯುತ್ತಾರೆ ಎಂದು ಲೆಕ್ಕ ಹಾಕಿಯೇ ಆಡಿದೆ. ನಿನಗೆ ಒಂದು ಆಟ ಕೊಟ್ಟಿದ್ದರೆ ಮಾರನೆಯ ಆಟಕ್ಕೆ ಜನ ನನ್ನನ್ನು ಕೇಳುತ್ತಿರಲಿಲ್ಲ.

ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ಕೊಡುವುದೋ ಬಿಡುವುದೋ ಎಂಬ ದೊಡ್ಡಸ್ತಿಕೆ ನಿನಗೆ ಸಿಗುತ್ತದೆ, ಅದನ್ನು ನೋಡಲಾರೆ. ನನ್ನ ಹಾಗೆ ಮಾತಾಡಬೇಡ. ಅಷ್ಟೇ.

ಎರ್ಸಿಲಿಯಾ


ರೋಮ್
2 ನವೆಂಬರ್ 1952

ಈಗ ಹೇಳುತ್ತಿದ್ದೀ.

ಐದು ವರ್ಷ. ಬಾಯಿ ತೆರೆಯುವ ಮುಂಚೆ ಐದು ವರ್ಷವೂ ನಾನು ಹೆದರಿದ್ದೇನೆ. ಅಂಗಡಿಯಲ್ಲಿ, ಪ್ರೀತಿಸಿದವರ ಎದುರು, ಪಾದ್ರಿಯ ಎದುರು. ನೀನು ಇದನ್ನು ಒಂದು ಕಾಗದದಲ್ಲಿ ಮಡಚಿ ಕಳಿಸಿದ್ದೀ.

ಮುಂದಿನ ಚಿತ್ರದಲ್ಲಿ ನನ್ನ ದನಿಯೇ ಇರಬೇಕು ಎಂದು ಕೊರಾದಿಗೆ ಹೇಳಿದೆ. ಅವನು ನಕ್ಕ. ಕರಾರು ಹರಿದು ಬಂದೆ. ಅಂದರೆ ನಿನಗೂ ಇನ್ನು ಅಲ್ಲಿ ಕೆಲಸವಿಲ್ಲ. ಇದನ್ನು ಸಂತೋಷದಿಂದಲೇ ತಿಳಿಸುತ್ತಿದ್ದೇನೆ.

ಮಿಲಾನಿಗೆ ಹೋಗುತ್ತೇನೆ. ನೀನು ಬರೆಯಬೇಡ.

ಇ.


ಪಾದೋವಾ
2 ಫೆಬ್ರವರಿ 1953

ಇಸೊಲಿನಾ,

ಬರೆಯಬೇಡ ಎಂದಿದ್ದೆ. ನೀನು ಹೇಳಿದ್ದನ್ನು ನಾನು ಯಾವಾಗ ಕೇಳಿದ್ದೇನೆ.

ಶನಿವಾರ ಮಧ್ಯಾಹ್ನದ ಆಟಕ್ಕೆ ಬಂದಿದ್ದೆ. ಎಲ್ಲಕ್ಕಿಂತ ಮೇಲಿನ ಗ್ಯಾಲರಿ, ಕಂಬದ ಪಕ್ಕ. ನೀನು ಮೊದಲ ಮಾತು ಆಡಿದ ಕೂಡಲೇ ಕೆಳಗೆ ಗುಸುಗುಸು ಎದ್ದಿತು. ಐದನೆಯ ಸಾಲಿನಲ್ಲಿ ಒಬ್ಬ ತುಪ್ಪಳದ ಕೋಟಿನವನು, 'ಇವಳ ದನಿ ಎಲ್ಲಿ ಬಿಟ್ಟು ಬಂದ್ಲು?' ಎಂದ. ನಗು. ಆಮೇಲೆ ಶಿಳ್ಳೆ, ಹೊರಗೆ ಹೋಗು ಎನ್ನುವ ಶಿಳ್ಳೆ. ನನ್ನ ಪಕ್ಕದ ಹೆಂಗಸು ಕೂಡ ಎರಡು ಬೆರಳು ಬಾಯಿಗಿಟ್ಟಳು. ಅವಳ ಮೊಣಕೈಗೆ ಬಲವಾಗಿ ತಾಗಿದೆ. ಅಕಸ್ಮಾತ್ ತಾಗಿದ್ದಲ್ಲ.

ನೀನು ನಿಂತೆ. ಓಡುತ್ತಾಳೆ, ಇವಳಿಗೆ ಓಡಿಯೇ ಅಭ್ಯಾಸ ಎಂದುಕೊಂಡೆ. ನೀನು ರಂಗದ ಅಂಚಿನ ದೀಪಗಳವರೆಗೆ ನಡೆದು ಬಂದು ಆ ಮನುಷ್ಯನನ್ನೇ ನೋಡುತ್ತಾ ಆ ಮಾತನ್ನು ಮೊದಲಿನಿಂದ ಶುರುಮಾಡಿದೆ. ಇನ್ನೂ ನಿಧಾನವಾಗಿ, ಇನ್ನೂ ನಮ್ಮೂರಿನ ಎಳೆತದಲ್ಲಿ, ಒಂದು ಪದವನ್ನೂ ತೊಳೆಯದೆ. ಶಿಳ್ಳೆ ಒಂದೊಂದಾಗಿ ನಿಂತಿತು. ಎರಡನೆಯ ಅಂಕದಲ್ಲಿ ಯಾರೂ ಕೆಮ್ಮಲಿಲ್ಲ. ಪಕ್ಕದ ಹೆಂಗಸು ನನ್ನ ಕರವಸ್ತ್ರ ಕೇಳಿದಳು. ಕೊಡಲಿಲ್ಲ. ನನಗೇ ಬೇಕಾಗಿತ್ತು.

ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ. ಕೆಳಗಿನವರಲ್ಲಿ ಅರ್ಧದಷ್ಟು ಜನ ಕೈಗವಸು ಹಾಕಿಕೊಂಡು ಎದ್ದು ಹೋದರು. ಗ್ಯಾಲರಿಯವರು ಯಾರೂ ಎದ್ದು ಇಳಿಯಲಿಲ್ಲ.

ಈಗ ತಪ್ಪುಗಳು. ಮೂರನೆಯ ಅಂಕದಲ್ಲಿ ನಾಲ್ಕು ಮಾತು ಮುಂಚೆಯೇ ಬೆನ್ನು ತಿರುಗಿಸಿದೆ. ಕಾಗದ ಓದುವಾಗ ಕಣ್ಣಿನಲ್ಲೇ ಎಲ್ಲ ಮಾಡಿದೆ. ಮೇಲೆ ಕೂತವರಿಗೆ ನಿನ್ನ ಮುಖ ಅಂಗಿಯ ಗುಂಡಿಯಷ್ಟು, ಅದು ಸಿನಿಮಾ ಚಟ, ಬಿಡು. ಮಂಗಳವಾರದ ಆಟದಿಂದಲೇ ಬಿಡು.

ಒಳಗೆ ಬಂದು ನಿನ್ನನ್ನು ನೋಡಲಿಲ್ಲ. ನಿನ್ನ ಬಾಗಿಲಲ್ಲಿ ಸಾಲಿನಲ್ಲಿ ನಿಲ್ಲುವುದು ನನ್ನಿಂದಾಗದು. ನಾನೀಗ ಸನ್ಯಾಸಿನಿಯರ ಶಾಲೆಯಲ್ಲಿ ಹದಿನೆಂಟು ಹುಡುಗಿಯರಿಗೆ ಪದ್ಯ ಹೇಳುವುದನ್ನು ಕಲಿಸುತ್ತೇನೆ. ಒಬ್ಬಳಿಗೂ ಗಂಟಲಿಲ್ಲ.

ಎರ್ಸಿಲಿಯಾ


ಮಿಲಾನ್
6 ಫೆಬ್ರವರಿ 1953

ಎರ್ಸಿಲಿಯಾ,

ನೀನು ಬಂದದ್ದು ನಿನ್ನ ಕಾಗದ ಬರುವ ಮುಂಚೆಯೇ ನನಗೆ ಗೊತ್ತಿತ್ತು. ಗ್ಯಾಲರಿಯ ಬಾಗಿಲು ಕಾಯುವವನು ಬಂದು, 'ಒಬ್ಬ ಹೆಂಗಸು, ಬಿದಿರಿನ ಹಾಗೆ ನೆಟ್ಟಗೆ, ಪಾದೋವಾ ಕಡೆ ಮಾತು. ಆಟ ಮುಗಿದ ಮೇಲೆ ಖಾಲಿ ರಂಗಾನೇ ನೋಡ್ತಾ ಕೂತಿದ್ರು, ನಾನೇ ಎಬ್ಬಿಸ್ಬೇಕಾಯ್ತು' ಎಂದ. ಇದನ್ನೂ ನಿನ್ನ ಕಾಗದದಲ್ಲಿ ಬಿಟ್ಟಿದ್ದೀ.

ಭಾನುವಾರ ಬೆಳಿಗ್ಗೆ ರೈಲು ನಿಲ್ದಾಣಕ್ಕೆ ಬಂದೆ. ಪಾದೋವಾ ಗಾಡಿ ಇನ್ನೂ ನಿಂತಿತ್ತು. ನೀನು ಮೂರನೆಯ ದರ್ಜೆಯ ಡಬ್ಬಿಯ ಕಡೆ ನಡೆಯುತ್ತಿದ್ದೆ, ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ. ಇಷ್ಟು ಸಣ್ಣವಳಾಗಿದ್ದೀ ಎಂದು ಗೊತ್ತಿರಲಿಲ್ಲ. ನಾನು ಕೂಗಿದೆ. 'ಅಕ್ಕಾ' ಎಂದು ಕೂಗಿದೆ. ರಂಗದ ಮೇಲೂ ಅಷ್ಟು ಗಟ್ಟಿಯಾಗಿ ಕೂಗಿರಲಿಲ್ಲ. ಕೂಲಿಗಳು ತಿರುಗಿದರು, ಸೈನಿಕರು ತಿರುಗಿದರು, ಪತ್ರಿಕೆ ಮಾರುವವನು ತಿರುಗಿದ. ನೀನೊಬ್ಬಳು ತಿರುಗಲಿಲ್ಲ. ಮೆಟ್ಟಿಲು ಹತ್ತಿ ಒಳಗೆ ಹೋದೆ.

ನಿನ್ನನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುತ್ತೇನೆಂದು ಮಾತು ಕೊಡುವುದೂ ಇಲ್ಲ. ಆದರೆ ಹದಿನಾರನೆಯ ತಾರೀಖು ಸೋಮವಾರ ಆಟವಿಲ್ಲ. ಪಾದೋವಾಕ್ಕೆ ಬರುತ್ತಿದ್ದೇನೆ. ನೀನು ಮೂರನೆಯ ಅಂಕ ನೋಡಬೇಕು, ಆ ನಾಲ್ಕು ಮಾತು ಯಾವುವು ಎಂದು ನನಗೆ ತೋರಿಸಬೇಕು. ಬಾಗಿಲು ತೆಗೆಯುವುದು ಬಿಡುವುದು ನಿನಗೆ ಸೇರಿದ್ದು.

ಇಸೊಲಿನಾ ಮರಂಗೋನಿ


ಪಾದೋವಾ
10 ಫೆಬ್ರವರಿ 1953

ಸೋಮವಾರ ಒಂದು ಗಂಟೆಗೆ ಊಟ. ತಡಮಾಡಬೇಡ, ಸಾಂತೆ ಹಸಿವು ತಡೆಯುವುದಿಲ್ಲ.

ಕೇಳಿಸಿತ್ತು.

ಎರ್ಸಿಲಿಯಾ